ಮೊನ್ನೆಯಿಂದ ಕೆಮ್ಮು: ಪುಣೆಯ ಇಟ್ಟಿಗೆ ಭಟ್ಟಿಯ ಒಂದು ಪ್ರಕರಣ

ನಮ್ಮ ವ್ಯಾನಿನ ರಿಜಿಸ್ಟರಿನಲ್ಲಿ 2024ರ ಡಿಸೆಂಬರ್ ಮೊದಲ ವಾರದ ಒಂದು ಸಾಲಿದೆ. ‘ಹೆಂಗಸು, ವಯಸ್ಸು 26, ಕೆಮ್ಮು, ಎರಡು ದಿನದಿಂದ.’ ಅದರ ಮುಂದೆ ಐದು ದಿನದ ಆಂಟಿಬಯೋಟಿಕ್, ಒಂದು ಬಾಟಲಿ ಸಿರಪ್. ಅಕ್ಷರ ನನ್ನದೇ. ಆ ‘ಎರಡು ದಿನ’ ತಪ್ಪು. ಆಕೆ ಆಗಲೇ ಒಂದೂವರೆ ತಿಂಗಳಿಂದ ಕೆಮ್ಮುತ್ತಿದ್ದಳು. ಆ ತಪ್ಪು ಹೇಗಾಯಿತು, ಆಮೇಲೆ ಆಕೆಯ ಚಿಕಿತ್ಸೆ ಯಾರ್‍ಯಾರ ಕೈ ದಾಟಿ ಮುಗಿಯಿತು ಅನ್ನುವುದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಹಳ್ಳಿಗಳಿಗೆ ಆಸ್ಪತ್ರೆ ವ್ಯಾನ್ ಒಯ್ಯುವ ಬೇರೆಯವರಿಗೆ ಇದು ಉಪಯೋಗಕ್ಕೆ ಬರಲಿ ಅನ್ನುವುದೇ ಆಸೆ. ಆಕೆಯ ಹೆಸರು, ಊರು ಬರೆಯುವುದಿಲ್ಲ.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಫಾರ್ಮಸಿ ಓದಿದ್ದೇನೆ. ಒಂದು ಸೇವಾ ಟ್ರಸ್ಟಿನ ವ್ಯಾನಿನಲ್ಲಿ ಔಷಧಿ ಕೊಡುವ ಕೆಲಸ. ವ್ಯಾನಿನಲ್ಲಿ ಒಬ್ಬರು ಡಾಕ್ಟರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ಹುಡುಗ, ಡ್ರೈವರ್, ಮತ್ತೆ ನಾನು. ಅವರೆಲ್ಲ ಮರಾಠಿಯವರು. ಹೀಗಾಗಿ ಕನ್ನಡದವರು ಬಂದರೆ ಮಾತು ತಿರುಗಿಸಿ ಹೇಳುವ ಕೆಲಸವೂ ನನ್ನದೇ.

ಸೋಲಾಪುರ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿ, ಮುಳಾ-ಮುಠಾ ನದಿಯ ಕಡೆ ಮಣ್ಣು ದಾರಿಯಲ್ಲಿ ಹೋದರೆ ಈ ಭಟ್ಟಿ ಸಿಗುತ್ತದೆ. ಕೆಲಸದವರೆಲ್ಲ ಯಾದಗಿರಿ, ಕಲಬುರಗಿ ಜಿಲ್ಲೆಯವರು. ದೀಪಾವಳಿ ಮುಗಿಸಿ ಬರುತ್ತಾರೆ, ಮಳೆ ಬೀಳುವ ಮೊದಲು ವಾಪಸ್ ಹೋಗುತ್ತಾರೆ. ಕೂಲಿಯವರನ್ನು ಕರೆತರುವ ಮುಕಾದಮ ಊರಲ್ಲೇ ಮುಂಗಡ ಕೊಟ್ಟಿರುತ್ತಾನೆ. ಆ ಸಾಲವನ್ನು ಇಟ್ಟಿಗೆ ತಟ್ಟಿ ತೀರಿಸಬೇಕು. ಕೂಲಿ ಲೆಕ್ಕ ಸಾವಿರ ಇಟ್ಟಿಗೆಗೆ ಇಷ್ಟು ಅಂತ. ಗಂಡ ಮಣ್ಣು ಕಲಸಿ ತಂದು ಹಾಕಿದರೆ ಹೆಂಡತಿ ಅಚ್ಚಿಗೆ ತುಂಬಿ ತಟ್ಟುತ್ತಾಳೆ. ಒಬ್ಬರು ಮಲಗಿದರೆ ಇಬ್ಬರ ಕೂಲಿಯೂ ಹೋಯಿತು. ಇರುವುದಕ್ಕೆ ಗುಡಿಸಲು. ಅದೂ ಇಟ್ಟಿಗೆಯದೇ. ಮಣ್ಣು ಮೆತ್ತದೆ ಸುಮ್ನೆ ಒಂದರ ಮೇಲೊಂದು ಪೇರಿಸಿದ ಗೋಡೆ, ಮೇಲೊಂದು ತಗಡು. ಬಗ್ಗಿಯೇ ಒಳಗೆ ಹೋಗಬೇಕು. ಕಿಟಕಿ ಇಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. 2005ರಲ್ಲಿ ಗ್ರಾಮೀಣ ಆರೋಗ್ಯ ಮಿಷನ್ ಶುರುವಾದ ಮೇಲೆ ಸರ್ಕಾರವೇ ಸಂಚಾರಿ ಆಸ್ಪತ್ರೆ ವ್ಯಾನುಗಳನ್ನು ನಡೆಸುತ್ತಿದೆ. 10 ಲಕ್ಷ ಜನಕ್ಕೆ ಒಂದು ವ್ಯಾನ್, ಒಂದು ಜಿಲ್ಲೆಗೆ ಹೆಚ್ಚೆಂದರೆ ಐದು ಅಂತ ನಿಯಮ. ಪುಣೆ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರವೇ 94 ಲಕ್ಷ ಜನ ಇದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರ ಬಯಲು ಪ್ರದೇಶದಲ್ಲಿ 30,000 ಜನಕ್ಕೆ ಒಂದು, ಆಶಾ ಕಾರ್ಯಕರ್ತೆ ಸಾವಿರ ಜನಕ್ಕೆ ಒಬ್ಬಳು. ಎಲ್ಲವೂ ತಲೆ ಎಣಿಸಿ ಮಾಡಿದ ಲೆಕ್ಕ. ಆದರೆ ಭಟ್ಟಿಯವರ ತಲೆ ಎಣಿಸಿರುವುದು ಯಾದಗಿರಿಯಲ್ಲಿ. ವರ್ಷದಲ್ಲಿ ಆರೇಳು ತಿಂಗಳು ಅವರು ಇರುವುದು ಇಲ್ಲಿ. ಅಲ್ಲಿನ ಪಟ್ಟಿಯಲ್ಲಿ ಹೆಸರಿದೆ, ಮನುಷ್ಯ ಇಲ್ಲ. ಇಲ್ಲಿ ಮನುಷ್ಯ ಇದ್ದಾನೆ, ಹೆಸರಿಲ್ಲ. ನಮ್ಮ ವ್ಯಾನ್ ತಿಂಗಳಿಗೆ ಎರಡು ಸಲ ಅಲ್ಲಿಗೆ ಹೋಗುವುದು ಇದೇ ಕಾರಣಕ್ಕೆ.

‘ಮೊನ್ನೆ’ ಅಂದರೆ ಯಾವಾಗ?

ಡಿಸೆಂಬರಿನ ಆ ದಿನ ನಮ್ಮ ಮುಂದೆ ಉದ್ದ ಸಾಲಿತ್ತು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಕೈಗೆಲ್ಲ ಒಣಗಿದ ಮಣ್ಣು. ಎಷ್ಟು ದಿನ ಆಯ್ತು ಅಂತ ಕೇಳಿದೆ.

“ಮೊನ್ನಿಂದ ಬಿಟ್ಟೇ ಇಲ್ರಿ ಅಕ್ಕಾರ” ಅಂದಳು.

ನಾನು ಡಾಕ್ಟರ ಕಡೆ ತಿರುಗಿ “ಪರವಾಪಾಸೂನ್” ಅಂದೆ. ಮೊನ್ನೆಗೆ ಮರಾಠಿಯಲ್ಲಿ ‘ಪರವಾ’. ಮಾತಿಗೆ ಮಾತು ಸರಿಯಾಗಿಯೇ ಇತ್ತು. ಆದರೆ ನಮ್ಮ ಕಡೆ ಮೊನ್ನೆ ಅಂದರೆ ನಿನ್ನೆಯ ಹಿಂದಿನ ದಿನ ಮಾತ್ರ ಅಲ್ಲ. ಮೊನ್ನೆ ಜಾತ್ರೆಗೆ ಹೋಗಿದ್ದೆವು ಅಂದರೆ ಆ ಜಾತ್ರೆ ಹೋದ ವರ್ಷದ್ದೂ ಇರಬಹುದು. ನಮ್ಮ ಮನೆಯಲ್ಲೇ ಹಾಗೆ ಮಾತಾಡುತ್ತೇವೆ. ಗೊತ್ತಿದ್ದೂ ನಾನು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಮಾಡಿಸಲೇಬೇಕು, ಇದು ವ್ಯಾನಿನಲ್ಲಿ ಎಲ್ಲರಿಗೂ ಬಾಯಿಪಾಠ. ಎರಡು ದಿನದ ಕೆಮ್ಮಿಗೆ ಬೇಡ. ಡಾಕ್ಟರು ತಮಗೆ ಸಿಕ್ಕ ಮಾಹಿತಿಗೆ ತಕ್ಕ ಔಷಧಿಯನ್ನೇ ಬರೆದರು.

ಮುಂದಿನ ಸಲ ಹೋದಾಗ ಆಕೆ ಬರಲಿಲ್ಲ. ವಾಸಿ ಆಗಿರಬೇಕು ಅಂದುಕೊಂಡೆವು. ಬರದವರನ್ನು ವಾಸಿಯಾದವರ ಲೆಕ್ಕಕ್ಕೆ ಸೇರಿಸಿಬಿಡುವುದು ನಮ್ಮ ಕೆಲಸದಲ್ಲಿ ತುಂಬ ಸುಲಭ.

ಮೂರನೇ ಸಲ ಹೋದದ್ದು ಎಳ್ಳ ಅಮಾಸಿ ಆದ ವಾರ. 2024ರ ಎಳ್ಳ ಅಮಾಸಿ ಡಿಸೆಂಬರ್ 30ಕ್ಕೆ ಬಂದಿತ್ತು. ಯಾದಗಿರಿ ಕಡೆಯವರಿಗೆ ಅದು ದೊಡ್ಡ ಹಬ್ಬ, ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹಬ್ಬ. ಭಟ್ಟಿಯಲ್ಲಿ ಹೊಲ ಎಲ್ಲಿಂದ ಬರಬೇಕು? ಆದರೂ ಸಜ್ಜೆ ರೊಟ್ಟಿ ತಟ್ಟಿದ್ದರು. ಅವತ್ತು ಸಾಲು ಕಡಿಮೆ ಇತ್ತು, ನಾನು ಗುಡಿಸಲುಗಳ ಕಡೆ ನಡೆದೆ. ಒಬ್ಬ ಅಜ್ಜಿ “ಬಾರವ್ವ, ರೊಟ್ಟಿ ತಿನ್ನು” ಅಂತ ಕರೆದಳು. ಅವಳು ಆಕೆಯ ಅತ್ತೆ. ಒಳಗೆ ಆಕೆ ಹಾಡುಹಗಲೇ ಕಂಬಳಿ ಹೊದ್ದು ಮಲಗಿದ್ದಳು.

ನನ್ನ ಕಣ್ಣು ಮೊದಲು ಹೋದದ್ದು ಆಕೆಯ ಬಳೆಗಳ ಮೇಲೆ. ಎದ್ದು ಕೂರಲು ಕೈ ಎತ್ತಿದಾಗ ಹಸಿರು ಗಾಜಿನ ಬಳೆಗಳು ಜಾರಿ ಮೊಣಕೈ ಹತ್ತಿರ ಹೋದವು. ಬಳೆಗಾರರು ಯಾವತ್ತೂ ಸಡಿಲ ಬಳೆ ತೊಡಿಸುವುದಿಲ್ಲ. ಅಂಗೈ ಒತ್ತಿ, ಎಣ್ಣೆ ಹಚ್ಚಿ, ಬಿಗಿಯಾಗಿಯೇ ಏರಿಸುತ್ತಾರೆ. ಈ ಬಳೆ ಯಾವಾಗ ತೊಟ್ಟಿದ್ದು ಅಂತ ಕೇಳಿದೆ.

“ದೀಪಾಳಿಗಿ ಇಟ್ಕೊಂಡಿದ್ದೆ ರೀ.”

ಎರಡು ತಿಂಗಳಲ್ಲಿ ಕೈ ಅಷ್ಟು ಇಳಿದಿತ್ತು. ಆಗ ಸರಿಯಾದ ಪ್ರಶ್ನೆ ಬಾಯಿಗೆ ಬಂತು. ಎಷ್ಟು ದಿನ ಅಂತ ಕೇಳಲಿಲ್ಲ. ಕೆಮ್ಮು ಯಾವ ಹಬ್ಬಕ್ಕೆ ಶುರುವಾಯಿತು ಅಂತ ಕೇಳಿದೆ. ಉತ್ತರ ಅತ್ತೆ ಕೊಟ್ಟಳು: “ಸೀಗಿ ಹುಣ್ಣಿವಿ ಆದ ಮ್ಯಾಲಿಂದ ನೋಡವ್ವ. ರಾತ್ರಿ ಬೆವರು ಬರ್ತದ, ಜಂಪರ್ ತೊಯ್ದು ತಪ್ಪಡಿ ಆಗ್ತದ.” ಸೀಗೆ ಹುಣ್ಣಿಮೆ ಅಂದರೆ ಅಕ್ಟೋಬರ್ ನಡುವೆ. ಹನ್ನೊಂದು ವಾರದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ಇಳಿದ ಮೈ. ಊರಿಂದ ಬರುವಾಗಲೇ ಆಕೆ ಈ ಕೆಮ್ಮನ್ನು ಜೊತೆಗೆ ತಂದಿದ್ದಳು. ಇಲ್ಲಿ ಎಲ್ಲರೂ ಅದನ್ನು ಭಟ್ಟಿ ಹೊಗೆಯ ಲೆಕ್ಕಕ್ಕೆ ಹಾಕಿದ್ದರು, ಅಷ್ಟೇ. ತೂಕ ನೋಡಿದರೆ 36 ಕಿಲೋ.

ಇಡೀ ಪ್ರಕರಣದಲ್ಲಿ ನನಗೆ ಬಹಳ ನೋವು ಕೊಡುವುದು ಈ ನಾಲ್ಕು ವಾರ. ಡಿಸೆಂಬರಿನಲ್ಲೇ ಹಬ್ಬದ ಲೆಕ್ಕದಲ್ಲಿ ಕೇಳಿದ್ದರೆ ಅಷ್ಟು ದಿನ ಉಳಿಯುತ್ತಿತ್ತು. ಆ ಕತ್ತಲೆ ಗುಡಿಸಲಲ್ಲಿ ಆಕೆಯ ಪಕ್ಕವೇ ಎರಡೂವರೆ ವರ್ಷದ ಮಗ ಮಲಗುತ್ತಿದ್ದ.

ಕಫ, ಮಾತ್ರೆ, ಕೆಂಪು ಮೂತ್ರ

ಕಫದ ಪರೀಕ್ಷೆಗೆ ಎರಡು ಸ್ಯಾಂಪಲ್ ಬೇಕು. ಒಂದು ಅಲ್ಲೇ ಕೊಡುವುದು, ಇನ್ನೊಂದು ಬೆಳಿಗ್ಗೆ ಎದ್ದ ಕೂಡಲೆ. ರಾತ್ರಿಯಿಡೀ ಎದೆಯಲ್ಲಿ ನಿಂತ ಕಫದಲ್ಲಿ ರೋಗಾಣು ಸಿಗುವ ಸಂಭವ ಜಾಸ್ತಿ. ಆದರೆ ಬೆಳಿಗ್ಗೆ ವ್ಯಾನ್ ಇರುವುದಿಲ್ಲ. ವ್ಯಾನ್ ನಂಬಿಕೊಂಡು ನಡೆಯುವ ಕೆಲಸದ ದೊಡ್ಡ ಕೊರತೆಯೇ ಇದು. ರೋಗಕ್ಕೆ ದಿನವೂ ಬೆಳಗಾಗುತ್ತದೆ, ವ್ಯಾನಿಗೆ ಹದಿನೈದು ದಿನಕ್ಕೊಮ್ಮೆ.

ಮೊದಲ ಸ್ಯಾಂಪಲನ್ನು ಬಯಲಲ್ಲಿ, ಉಳಿದವರಿಂದ ದೂರ ನಿಲ್ಲಿಸಿ ತೆಗೆಸಿದೆವು. ಬರೀ ಉಗುಳು ಬೇಡ, ಎದೆಯೊಳಗಿಂದ ಕ್ಯಾಕರಿಸಿ ತೆಗೆಯಿರಿ ಅಂತ ನಾನೇ ಮಾಡಿ ತೋರಿಸಿದೆ. ಎರಡನೇ ಡಬ್ಬಿಯನ್ನು ಆಕೆಯ ಕೈಗೆ ಕೊಟ್ಟೆವು. ಹೆಸರನ್ನು ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲು ಬದಲಾಗಬಹುದು, ಅದಕ್ಕೇ ಡಬ್ಬಿಯ ಮೈಮೇಲೆ ಬರೆದೆವು. ಆಕೆಗೆ ಬೆಳಗು ಅಂದರೆ ರಾತ್ರಿ ಎರಡು ಗಂಟೆ. ಬಿಸಿಲೇರುವ ಮೊದಲು ತಟ್ಟಬೇಕಲ್ವಾ, ಭಟ್ಟಿಯಲ್ಲಿ ಎಲ್ಲರೂ ಏಳುವುದೇ ಆಗ. ಡಬ್ಬಿಯನ್ನು ಬೆಳಿಗ್ಗೆ ಎಂಟಕ್ಕೆ ಬಂದು ಒಯ್ದವಳು ಹತ್ತಿರದ ಊರಿನ ಆಶಾ ಕಾರ್ಯಕರ್ತೆ. ಭಟ್ಟಿ ಅವಳ ಪಟ್ಟಿಯಲ್ಲಿರಲಿಲ್ಲ. ಆದರೂ ಸ್ಕೂಟಿ ಮೇಲೆ ಬಂದಳು. ಇಲ್ಲಿ ಅವಳನ್ನು ‘ಆಶಾ ತಾಈ’ ಅನ್ನುತ್ತಾರೆ. ಮರಾಠಿಯಲ್ಲಿ ತಾಈ ಅಂದರೆ ಅಕ್ಕ. ನಮ್ಮ ಅಜ್ಜಿಯ ಕಿವಿಗೆ ಅದು ತಾಯಿ ಅಂತಲೇ ಕೇಳಿಸಿತು. ಕೊನೆಯವರೆಗೂ “ಆಶಾ ತಾಯಿ ಬಂದಾಳ” ಅಂತಲೇ ಕರೆದಳು. ನಾನು ತಿದ್ದಲಿಲ್ಲ.

ಕಫದಲ್ಲಿ ಕ್ಷಯದ ರೋಗಾಣು ಹುಡುಕುವ ಟ್ರೂನ್ಯಾಟ್ ಯಂತ್ರದಲ್ಲಿ ಕ್ಷಯ ಇದೆ ಅಂತ ಬಂತು. ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಜಗ್ಗದ ತಳಿ ಅಲ್ಲ ಅನ್ನುವುದೂ ಅದರಲ್ಲೇ ಗೊತ್ತಾಯಿತು, ಅದು ಸಮಾಧಾನ. ಎಚ್‌ಐವಿ, ಸಕ್ಕರೆ ಎರಡೂ ಪರೀಕ್ಷೆಯಲ್ಲಿ ತೊಂದರೆ ಇರಲಿಲ್ಲ. ಜನವರಿ 10ಕ್ಕೆ ಮಾತ್ರೆ ಶುರುವಾಯಿತು. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿಯದು. ಆಕೆಯ ತೂಕಕ್ಕೆ ದಿನಕ್ಕೆ ಮೂರು ಮಾತ್ರೆ. ಇದು ಸರ್ಕಾರದ ಉಚಿತ ಔಷಧಿ, ಆರೋಗ್ಯ ಕೇಂದ್ರದಿಂದಲೇ ಬರಬೇಕು. ತಂದುಕೊಡುವ ಕೆಲಸವನ್ನು ಆಶಾ ತಾಈ ಒಪ್ಪಿಕೊಂಡಳು. ಚಿಕ್ಕ ಮಗನಿಗೆ ರೋಗ ಇರಲಿಲ್ಲ. ಆದರೆ ಐದು ವರ್ಷದೊಳಗಿನ ಮಗು ಒಂದೇ ಸೂರಿನಡಿ ಇದ್ದರೆ ರೋಗ ಬರದಂತೆ ಆರು ತಿಂಗಳು ಐಸೋನಿಯಾಜಿಡ್ ಕೊಡುತ್ತಾರೆ. ಅವನಿಗೂ ಶುರು ಮಾಡಿದರು.

ಎಂಟನೇ ದಿನಕ್ಕೆ ಆಕೆ ಮಾತ್ರೆ ಬಿಟ್ಟಳು. ಮೂತ್ರ ಕೆಂಪಗೆ ಹೋಗುತ್ತಿತ್ತು. ರಕ್ತ ಹೋಗುತ್ತಿದೆ ಅಂತ ಹೆದರಿ ಎರಡು ದಿನ ಯಾರಿಗೂ ಹೇಳಲಿಲ್ಲ. ಆಶಾ ತಾಈ ಸ್ಟ್ರಿಪ್ಪಿನಲ್ಲಿ ಉಳಿದ ಮಾತ್ರೆ ಕಂಡು, ನನಗೆ ಫೋನ್ ಹಚ್ಚಿ, ಫೋನನ್ನು ಅಜ್ಜಿಯ ಕೈಗೆ ಕೊಟ್ಟಳು. ಅದು ರಿಫಾಂಪಿಸಿನ್ ಬಣ್ಣ, ರಕ್ತ ಅಲ್ಲ, ಮಾತ್ರೆ ನಿಂತರೆ ಬಣ್ಣವೂ ನಿಲ್ಲುತ್ತದೆ ಅಂತ ಬಿಡಿಸಿ ಹೇಳಿದೆ. ಮಾತ್ರೆ ಕೊಟ್ಟವರು ಮೊದಲ ದಿನವೇ ಮರಾಠಿಯಲ್ಲಿ ಹೇಳಿದ್ದರಂತೆ. ಮೂತ್ರದ ಮಾತು ಅಂತ ಆಕೆ ತಲೆ ತಗ್ಗಿಸಿ ಹೂಂ ಅಂದಿದ್ದಳು, ಅವರು ಅರ್ಥವಾಯಿತು ಅಂತ ಬರೆದುಕೊಂಡಿದ್ದರು. ಅವತ್ತು ರಾತ್ರಿ ಒಂದು ಹಾಳೆ ತೆಗೆದುಕೊಂಡು ಎಲ್ಲವನ್ನೂ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದೆ. ರೊಟ್ಟಿ ತಿಂದ ಮೇಲೆ ಮೂರು ಮಾತ್ರೆ. ಮೂತ್ರ ಕೆಂಪಾಗುತ್ತದೆ, ಹೆದರಬೇಡ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಆ ದಿನವೇ ಫೋನ್ ಮಾಡು. ಆಕೆಗೆ ಓದಲು ಬರುವುದಿಲ್ಲ. ಗಂಡ ಏಳನೇ ಕ್ಲಾಸ್ ಓದಿದವನು, ಅವನು ಓದಿ ಹೇಳಿದ.

ಭಟ್ಟಿ ಮಾಲೀಕ ಹೆದರಿ ಇವರನ್ನು ಊರಿಗೆ ಕಳಿಸುತ್ತೇನೆ ಅಂದ. ಡಾಕ್ಟರು ಹೋಗಿ ಕೂತು ಮಾತಾಡಿದರು. ಮಾತ್ರೆ ಶುರುವಾದ ಮೇಲೆ ರೋಗ ಹರಡುವುದು ಬೇಗ ಕಡಿಮೆಯಾಗುತ್ತದೆ, ಈಗ ಕಳಿಸಿದರೆ ಔಷಧಿ ತಪ್ಪುತ್ತದೆ, ಅದು ಇನ್ನೂ ಅಪಾಯ ಅಂತ ವಿವರಿಸಿದರು. ಅವನು ಒಪ್ಪಿದ. ಗುಡಿಸಲ ಮುಂದೆ ತಗಡು ಇಳಿಸಿ ಗಾಳಿ ಆಡುವ ಜಾಗದಲ್ಲಿ ಆಕೆ ಮಲಗುವ ವ್ಯವಸ್ಥೆ ಆಯಿತು. ಅಚ್ಚನ್ನು ಅತ್ತೆ ಹಿಡಿದಳು. ಅರವತ್ತು ದಾಟಿದ ಹೆಂಗಸು ರಾತ್ರಿ ಎರಡಕ್ಕೆ ಎದ್ದು ಕುಕ್ಕರುಗಾಲಲ್ಲಿ ಕೂತು ಇಟ್ಟಿಗೆ ತಟ್ಟುವುದನ್ನು ನಾನು ಕಂಡಿದ್ದೇನೆ. ಯಾವ ವರದಿಯಲ್ಲೂ ಅದು ಬರೆಯಲು ಕಾಲಂ ಇಲ್ಲ.

ಕ್ಷಯದವರಿಗೆ ಊಟಕ್ಕೆ ಅಂತ ಸರ್ಕಾರ ಕೊಡುವ ಹಣ 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರಿನಿಂದ 1000 ಆಗಿದೆ. ಆಕೆಯ ಆಧಾರಿನಲ್ಲಿ ತಂದೆ ಹೆಸರು, ಬ್ಯಾಂಕ್ ಪುಸ್ತಕದಲ್ಲಿ ಗಂಡನ ಹೆಸರು. ಇದನ್ನು ಸರಿ ಮಾಡಿಸುವ ಹೊತ್ತಿಗೆ ಏಪ್ರಿಲ್ ಬಂತು. ಮಾರ್ಚಿನಲ್ಲಿ ಕಫ ಮತ್ತೆ ಪರೀಕ್ಷೆ ಮಾಡಿದಾಗ ರೋಗಾಣು ಕಾಣಲಿಲ್ಲ. ತೂಕ 40 ಕಿಲೋ. ಬಳೆ ಮುಂಗೈಯಲ್ಲೇ ನಿಲ್ಲತೊಡಗಿದ್ದವು.

ಮೇ ತಿಂಗಳ ಮಳೆ

ಲೆಕ್ಕದ ಪ್ರಕಾರ ಚಿಕಿತ್ಸೆ ಮುಗಿಯಬೇಕಾದದ್ದು ಜುಲೈ ಎರಡನೇ ವಾರ. ಭಟ್ಟಿ ನಿಲ್ಲುವುದು ಜೂನ್ ಮೊದಲ ವಾರ. ಆದ್ದರಿಂದ ಮೇ ಕೊನೆಯ ಭೇಟಿಯಲ್ಲಿ ಕಾಗದ ಪತ್ರ ಮಾಡಿ, ಒಂದು ತಿಂಗಳ ಮಾತ್ರೆ ಕೈಗೆ ಕೊಟ್ಟು, ಯಾದಗಿರಿಗೆ ವರ್ಗ ಮಾಡುವ ಯೋಚನೆ ಇತ್ತು.

2025ರಲ್ಲಿ ಮಳೆ ಯಾರ ಯೋಚನೆಯನ್ನೂ ಕೇಳಲಿಲ್ಲ. ಮೇ ನಡುವಿನಿಂದಲೇ ಪುಣೆ ಸುತ್ತಮುತ್ತ ಜೋರು ಮಳೆ. ಮುಂಗಾರು ಮೇ 24ಕ್ಕೆ ಕೇರಳ ಮುಟ್ಟಿತು, ಮೇ 26ಕ್ಕೆ ಮುಂಬೈಗೂ ಬಂತು. ಮುಂಬೈಯಲ್ಲಿ ಅಷ್ಟು ಬೇಗ ಬಂದ ದಾಖಲೆಯೇ ಇಲ್ಲ. ಹಸಿ ಇಟ್ಟಿಗೆಗೆ ಮಳೆ ಬಿದ್ದರೆ ಮುಗಿಯಿತು, ಅದು ಮತ್ತೆ ಮಣ್ಣು. ನಾವು ಹೋದಾಗ ಸಾಲಾಗಿ ಒಣಹಾಕಿದ್ದ ಇಟ್ಟಿಗೆಗಳು ಕರಗಿ ಕೆಸರಿನ ದಿಬ್ಬ ಆಗಿದ್ದವು. ಗುಡಿಸಲುಗಳು ಖಾಲಿ. ತಗಡು ಕೂಡ ಇರಲಿಲ್ಲ. ಎರಡು ದಿನ ಹಿಂದೆ ರಾತ್ರಿ ಟೆಂಪೊ ಮಾಡಿಕೊಂಡು ಎಲ್ಲರೂ ಹೋದರು ಅಂತ ಕಾವಲುಗಾರ ಹೇಳಿದ. ಗಂಡನ ಫೋನ್ ಬಂದ್. ಆಶಾ ತಾಈ ಸ್ಟ್ರಿಪ್ ಲೆಕ್ಕ ಹಾಕಿ ಹೇಳಿದಳು, ಆಕೆಯ ಹತ್ತಿರ ಹೆಚ್ಚೆಂದರೆ ಐದು ದಿನದ ಮಾತ್ರೆ ಇದೆ.

ಕ್ಷಯದ ಚಿಕಿತ್ಸೆ ನಡುವೆ ನಿಂತರೆ ಏನಾಗುತ್ತದೆ ಅಂತ ಗೊತ್ತಿದ್ದವರಿಗೆ ಈ ಮಾತಿನ ಭಾರ ಗೊತ್ತು. ಉಳಿದ ರೋಗಾಣು ಮತ್ತೆ ತಲೆ ಎತ್ತುತ್ತದೆ, ಆಗ ಹಳೇ ಮಾತ್ರೆಗೆ ಜಗ್ಗದೇ ಇರಬಹುದು. ನಾನು ಅವತ್ತು ವ್ಯಾನಿನ ಮೆಟ್ಟಿಲ ಮೇಲೆ ಕೂತು ಫೈಲ್ ತಿರುವಿ ಹಾಕಿದೆ. ಅಲ್ಲಿ ಸಿಕ್ಕಿತು ಒಂದು ಫೋಟೊ ಪ್ರತಿ.

ಜನವರಿಯಲ್ಲಿ ಮಗನ ಲಸಿಕೆ ನೋಡೋಣ ಅಂತ ಕೇಳಿದ್ದೆ. ಅಜ್ಜಿ ತಗಡಿನ ಪೆಟ್ಟಿಗೆ ತೆಗೆದು, ಸೀರೆಗಳ ಅಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ತಾಯಿ ಕಾರ್ಡ್ ಕೊಟ್ಟಿದ್ದಳು. ಕರ್ನಾಟಕದಲ್ಲಿ ಗರ್ಭಿಣಿಯರಿಗೆ ಕೊಡುವ ಕಾರ್ಡ್, ಮಗುವಿನ ಲಸಿಕೆಯೂ ಅದರಲ್ಲೇ ಇರುತ್ತದೆ. ಮೂಲೆಗಳು ಸವೆದಿದ್ದವು, ಅರಿಶಿನದ ಕಲೆ ಹತ್ತಿತ್ತು. ಅದರ ಮೊದಲ ಪುಟದಲ್ಲಿ ಊರಿನ ಆಶಾ ಕಾರ್ಯಕರ್ತೆಯ ಹೆಸರು, ಫೋನ್ ನಂಬರ್ ಬಾಲ್‌ಪೆನ್ನಿನಲ್ಲಿ ಬರೆದಿತ್ತು. ಲಸಿಕೆಗಾಗಿ ಆ ಪುಟದ ಫೋಟೊ ತೆಗೆದಿದ್ದೆ. ಬೇರೆ ಯಾವ ಉದ್ದೇಶವೂ ಇರಲಿಲ್ಲ.

ಆ ನಂಬರಿಗೆ ಫೋನ್ ಹಚ್ಚಿದೆ. ಎರಡನೇ ರಿಂಗಿಗೇ ಎತ್ತಿದಳು. ಪುಣೆಯಿಂದ ಅಂದ ಕೂಡಲೆ “ಯಾರ್ ಮನೀವರ ಬಗ್ಗೆ ರೀ?” ಅಂತ ಕೇಳಿದಳು. ಅವಳ ಊರಿನ ಅರ್ಧ ಜನ ಪುಣೆಯಲ್ಲೇ ಇರುತ್ತಾರೆ. ನಾನು ಹೇಳಿದೆ, ಅವಳು ಬರೆದುಕೊಂಡಳು. ಕ್ಷಯ ರೋಗಿಗೆ ಸಿಗುವ ನಿಕ್ಷಯ್ ನಂಬರ್ ದೇಶಕ್ಕೆಲ್ಲ ಒಂದೇ. ಆ ನಂಬರ್ ಇದ್ದರೆ ಇಲ್ಲಿನ ಆರೋಗ್ಯ ಕೇಂದ್ರ ಕಂಪ್ಯೂಟರಿನಲ್ಲಿ ಅಲ್ಲಿಗೆ ವರ್ಗ ಮಾಡಬಹುದು, ಹಳೆಯ ಔಷಧಿಯ ಲೆಕ್ಕ ಎಲ್ಲಾ ಅಲ್ಲಿ ಕಾಣುತ್ತದೆ. ಮಾರನೇ ದಿನ ವರ್ಗ ಆಯಿತು. ಆದರೆ ಕಂಪ್ಯೂಟರ್ ಮನೆ ಬಾಗಿಲು ತಟ್ಟುವುದಿಲ್ಲ. ಬಾಗಿಲು ತಟ್ಟಿದವಳು ಆ ಊರಿನ ಆಶಾ. ಕುಟುಂಬ ನೇರ ಮನೆಗೆ ಹೋಗಿರಲಿಲ್ಲ, ಆಕೆಯ ತವರಿಗೆ ಹೋಗಿತ್ತು. ಅಲ್ಲಿಗೂ ಹೋಗಿ ಹುಡುಕಿದಳು. ಒಟ್ಟು ನಾಲ್ಕು ದಿನದ ಮಾತ್ರೆ ತಪ್ಪಿತು. ಆ ನಾಲ್ಕು ದಿನ ಕೊನೆಗೆ ಸೇರಿಸಿ ಚಿಕಿತ್ಸೆ ಮುಗಿಸಿದರು. ಮಗನ ಔಷಧಿಯೂ ಅದೇ ತಿಂಗಳು ಮುಗಿಯಿತು. ಆಕೆಯ ಕೊನೆಯ ತೂಕ 43 ಕಿಲೋ ಅಂತ ಆ ಆಶಾ ಫೋನಿನಲ್ಲಿ ಹೇಳಿದಾಗ ನಾನು ಔಷಧಿ ಕಪಾಟಿನ ಮುಂದೆ ನಿಂತು ಅತ್ತುಬಿಟ್ಟೆ.

ವ್ಯಾನಿನ ಕೆಲಸದ ಬಗ್ಗೆ ನನ್ನ ತಕರಾರು ಒಂದೇ. ನಮ್ಮನ್ನು ಯಾವಾಗಲೂ ಕೇಳುವುದು ಈ ತಿಂಗಳು ಎಷ್ಟು ಜನರನ್ನು ನೋಡಿದಿರಿ ಅಂತ. ಡಿಸೆಂಬರಿನ ಆ ತಪ್ಪು ಸಾಲೂ ಆ ಲೆಕ್ಕದಲ್ಲಿ ಒಂದು, ಜನವರಿಯ ಸರಿಯಾದ ಸಾಲೂ ಒಂದು. ಎಷ್ಟು ಜನರದ್ದು ಮುಗಿಯಿತು, ಎಷ್ಟು ಜನ ಕೈತಪ್ಪಿದರು ಅಂತ ಯಾರೂ ಕೇಳುವುದಿಲ್ಲ. ವ್ಯಾನ್ ರೋಗ ಹುಡುಕುತ್ತದೆ. ಅದು ಹೋದ ಮೇಲೆ ಹಿಡಿದುಕೊಳ್ಳಲು ಎರಡೂ ಕಡೆ ಒಬ್ಬೊಬ್ಬರು ಬೇಕು. ಈ ಪ್ರಕರಣದಲ್ಲಿ ಆ ಇಬ್ಬರೂ ಸಿಕ್ಕರು. ಒಬ್ಬಳು ತನ್ನ ಪಟ್ಟಿಯಲ್ಲಿಲ್ಲದ ಭಟ್ಟಿಗೆ ಬಂದಳು, ಇನ್ನೊಬ್ಬಳ ನಂಬರ್ ಬೇರೆ ಕೆಲಸಕ್ಕೆ ತೆಗೆದ ಫೋಟೊದಲ್ಲಿತ್ತು. ಎರಡೂ ಅದೃಷ್ಟವೇ. ಮುಂದಿನವರದ್ದನ್ನು ಅದೃಷ್ಟಕ್ಕೆ ಬಿಡಬಾರದು ಅಂತ ಡಾಕ್ಟರು, ನಾನು ಕೂತು ಕೆಲವು ಬದಲಾವಣೆ ಮಾಡಿದೆವು. ರಿಜಿಸ್ಟರಿನಲ್ಲಿ ಈಗ ‘ಊರಿನ ಆಶಾ ನಂಬರ್’ ಅಂತ ಒಂದು ಕಾಲಂ ಇದೆ. ಕೆಮ್ಮು, ಜ್ವರದ ದಿನಗಳನ್ನು ಹಬ್ಬದ ಲೆಕ್ಕದಲ್ಲೇ ಕೇಳುತ್ತೇವೆ. ದಸರಾ, ಸೀಗೆ ಹುಣ್ಣಿಮೆ, ದೀಪಾವಳಿ, ಎಳ್ಳ ಅಮಾಸಿ, ಸಂಕ್ರಾಂತಿ ಅಂತ ಪಟ್ಟಿ ಮಾಡಿ, ಪಕ್ಕದಲ್ಲಿ ತಾರೀಖು ಬರೆದು ನರ್ಸ್ ಮೇಜಿಗೆ ಅಂಟಿಸಿದ್ದೇನೆ. ಮೊದಲು ಹನ್ನೊಂದು ಗಂಟೆಗೆ ಹೋಗುತ್ತಿದ್ದೆವು. ರಾತ್ರಿ ಎರಡಕ್ಕೆ ಎದ್ದವರು ಆಗ ಸುಸ್ತಾಗಿ ಮಲಗಿರುತ್ತಾರೆ. ಈಗ ನಾಲ್ಕಕ್ಕೆ ಹೋಗುತ್ತೇವೆ. ಏಪ್ರಿಲ್ ಬಂದರೆ ದೀರ್ಘ ಔಷಧಿ ತಿನ್ನುವ ಎಲ್ಲರ ಹತ್ತಿರವೂ ತಿಂಗಳ ಮಾತ್ರೆ ಮೊದಲೇ ಇರುವ ಹಾಗೆ ಆರೋಗ್ಯ ಕೇಂದ್ರದವರ ಜೊತೆ ಮಾತಾಗಿದೆ.

ಹೋದ ದೀಪಾವಳಿಗೆ ಆಕೆಯೇ ಫೋನ್ ಮಾಡಿದ್ದಳು. ಗಂಡ ಹೊಸ ಸಿಮ್ ಹಾಕಿಸಿದ್ದಾನಂತೆ. ಕೆಮ್ಮಿಲ್ಲ, ಊಟ ಸೇರುತ್ತದೆ, ಮಗ ಅಂಗನವಾಡಿಗೆ ಹೋಗುತ್ತಾನೆ ಅಂದಳು. ಈ ಸಲವೂ ಪುಣೆಗೇ ಬರುತ್ತೀರಾ ಅಂತ ಕೇಳಿದೆ.

“ಮುಂಗಡ ಇನ್ನಾ ಹರಿದಿಲ್ರಿ ಅಕ್ಕಾರ, ಬರಾದಂತೂ ಬರಬೇಕು. ಯಾವ ಭಟ್ಟಿ ಅಂತ ಮುಕಾದಮ ಹೇಳಿಲ್ಲ. ನೀವು ಬರೆದು ಕೊಟ್ಟ ಹಾಳಿ ತಾಯಿ ಕಾರ್ಡಿನ್ಯಾಗ ಇಟ್ಟೀನಿ, ಪೆಟ್ಟಿಗ್ಯಾಗ ಅದ.”